ಕೆಂಪು ಬೂಟೂ ರೇಷ್ಮೆಯ ಪಾದರಕ್ಷೆಯೂ

ಕಳೆದ ಭಾನುವಾರ ಸಾಯಂಕಾಲ ನಮ್ಮ ಮನೆಯ ಹಜಾರದಲ್ಲಿ ಒಂದು ಸಣ್ಣ ವಾಗ್ವಾದ ನಡೆಯಿತು. ಮಗಳು ಎಲ್ಲಿಂದಲೋ ಹುಡುಕಿ ತೆಗೆದ ನೃತ್ಯದ ಚಿತ್ರವೊಂದನ್ನು ಎಲ್ಲರೂ ಕುಳಿತು ನೋಡುತ್ತಿದ್ದೆವು. ಗಾಳಿ ತುಂಬಿದ ಹಾಯಿಯಂತೆ ಅಗಲವಾದ ಷರಾಯಿ, ಕಸೂತಿಯ ಅಂಗಿ, ಮೆತುವಾದ ಕೆಂಪು ಚರ್ಮದ ಬೂಟು ತೊಟ್ಟ ಗಂಡಸರು ಕೆಲವರು ರಂಗಕ್ಕೆ ಬಂದರು. ಬಂದವರು ನಡೆದು ಬರಲಿಲ್ಲ, ಕುಕ್ಕರುಗಾಲಿನಲ್ಲಿಯೇ ಬಂದರು. ಕುಳಿತಂತೆಯೇ ಕಾಲು ಚಾಚಿದರು, ಕುಳಿತಂತೆಯೇ ಸುತ್ತಿದರು, ಕುಳಿತಂತೆಯೇ ಒಬ್ಬರನ್ನೊಬ್ಬರು ಅಣಕಿಸಿದರು. ಗರಡಿಯಲ್ಲಿ ನೂರು ಬಸ್ಕಿ ಹೊಡೆದವನಿಗೆ ಮಾತ್ರ ಆ ಕಷ್ಟದ ಅಳತೆ ತಿಳಿದೀತು. ಆದರೆ ಅವರ ಮುಖದಲ್ಲಿ ಬೆವರಿಲ್ಲ, ತುಂಟ ನಗೆಯುಂಟು. ನನ್ನ ತಾಯಿಯವರು ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, “ಇವರ ಮೊಣಕಾಲಿಗೇನು ಎಣ್ಣೆ ಬಿಟ್ಟಿದ್ದಾರೆಯೇನಪ್ಪಾ?” ಎಂದರು. ನನ್ನ ಶ್ರೀಮತಿಯ ಪ್ರಶ್ನೆ ಇನ್ನೂ ಕಠಿನವಾದದ್ದು: “ಇದು ಹಳ್ಳಿಯ ಕುಣಿತವೋ, ಶಾಸ್ತ್ರೀಯ ನೃತ್ಯವೋ? ಹಳ್ಳಿಯದಾದರೆ ಇಷ್ಟು ಅಚ್ಚುಕಟ್ಟು ಹೇಗೆ? ಶಾಸ್ತ್ರೀಯವಾದರೆ ಇಷ್ಟು ಕೀಟಲೆ ಹೇಗೆ?”

ತರಗತಿಯಲ್ಲಿ ಇಂಥ ಪ್ರಶ್ನೆ ಬಂದರೆ “ನಾಳೆ ಹೇಳುತ್ತೇನೆ” ಎಂದು ಪಾರಾಗುವ ಉಪಾಯವುಂಟು. ಮನೆಯಲ್ಲಿ ಅದು ನಡೆಯದು. ಈ ವಾರದ ಅಂಕಣ ಆ ಪ್ರಶ್ನೆಗೆ ನಾನು ಕೊಡುವ ಉತ್ತರವೆಂದು ವಾಚಕರು ಭಾವಿಸಬಹುದು.

ನಾವು ನೋಡಿದ ನೃತ್ಯದ ಹೆಸರು ‘ಪೊವ್ಜುನೆತ್ಸ್’. ಉಕ್ರೇನಿನ ಭಾಷೆಯಲ್ಲಿ ತೆವಳುವವನು ಎಂದರ್ಥ. ಅದನ್ನು ಸಂಯೋಜಿಸಿದವನು ಪಾವ್ಲೊ ವಿರ್ಸ್ಕಿ. 1905ರ ಫೆಬ್ರವರಿಯಲ್ಲಿ ಕಪ್ಪು ಸಮುದ್ರದ ದಡದ ಒಡೆಸಾ ನಗರದಲ್ಲಿ ಅವನ ಜನನ. ಅದೇ ವರ್ಷದ ಬೇಸಿಗೆಯಲ್ಲಿ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ದಂಗೆಯೆದ್ದು ಅದೇ ಬಂದರಿಗೆ ಬಂದರು. ತೊಟ್ಟಿಲಿನ ಕೂಸಿಗೆ ಅದರ ಸದ್ದು ಕೇಳಿರಬೇಕು. ಒಡೆಸಾದಲ್ಲಿಯೂ ಆಮೇಲೆ ಮಾಸ್ಕೋದಲ್ಲಿಯೂ ಕಲಿತು, ಒಡೆಸಾ, ಖಾರ್ಕಿವ್, ಕೀವ್ ಮೊದಲಾದ ನಗರಗಳ ಸಂಗೀತನಾಟಕ ಮಂದಿರಗಳಲ್ಲಿ ನರ್ತಕನಾಗಿ, ನೃತ್ಯಸಂಯೋಜಕನಾಗಿ ಪಳಗಿದ ಈತ ಮೂಲತಃ ಬ್ಯಾಲೆಯ ಮನುಷ್ಯ. ಹಳ್ಳಿಯ ಕಣದಲ್ಲಿ ಕುಣಿದು ಬೆಳೆದವನಲ್ಲ. ಇದನ್ನು ನೆನಪಿನಲ್ಲಿಡಬೇಕು; ಮುಂದಿನ ಕಥೆಯ ಬೀಗದ ಕೈ ಇದರಲ್ಲಿಯೇ ಇದೆ.

ಬ್ಯಾಲೆ ಎಂಬುದು ಅರಮನೆಯ ಕೂಸು. ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1661ರಲ್ಲಿ ನೃತ್ಯಕ್ಕೆಂದೇ ಒಂದು ರಾಜ ವಿದ್ವತ್ಸಭೆಯನ್ನು ಕಟ್ಟಿದ. ಪಾದಗಳ ಐದು ಸ್ಥಾನಗಳು ಆ ಕಾಲದಲ್ಲಿ ಗೊತ್ತಾದುವು. ಇಂದಿಗೂ ಯಾವ ದೇಶದ ಬ್ಯಾಲೆ ಶಾಲೆಗೆ ಹೋದರೂ ಅದರ ಪರಿಭಾಷೆ ಫ್ರೆಂಚ್. ತೊಡೆಯ ಕೀಲಿನಿಂದಲೇ ಕಾಲನ್ನು ಹೊರಕ್ಕೆ ತಿರುಗಿಸಿ ನಿಲ್ಲುವುದು ಅದರ ಅಕ್ಷರಾಭ್ಯಾಸ. ನಮ್ಮ ಭರತನಾಟ್ಯದ ಅರೆಮಂಡಿಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಆದರೆ ಅರೆಮಂಡಿ ಭೂಮಿಗೆ ಹತ್ತಿರವಾಗುತ್ತದೆ. ಬ್ಯಾಲೆಗೆ ಭೂಮಿಯೆಂದರೆ ಆಗದು. ರೇಷ್ಮೆಯ ಪಾದರಕ್ಷೆಯ ತುದಿಯಲ್ಲಿ ಬೆರಳೂರಿ ನಿಂತ ನರ್ತಕಿ, ನೆಲಕ್ಕೂ ತನಗೂ ಸಂಬಂಧವೇ ಇಲ್ಲವೆಂದು ನಮ್ಮನ್ನು ನಂಬಿಸುತ್ತಾಳೆ.

ಉಕ್ರೇನಿನ ಹಳ್ಳಿಯ ಕುಣಿತ ಇದಕ್ಕೆ ತೀರ ವಿರುದ್ಧವಾದದ್ದು. ಅದು ಬೂಟಿನ ನೃತ್ಯ, ನೆಲವನ್ನು ಮಾತನಾಡಿಸುವ ನೃತ್ಯ. ‘ಹೊಪ್!’ ಎಂಬ ಉದ್ಗಾರದಿಂದ, ನೆಗೆಯುವುದೆಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ‘ಹೊಪಾಕ್’ ಅದರ ಮಕುಟ. ನೀಪರ್ ನದಿಯ ತಡಸಲುಗಳ ಕೆಳಗೆ ದಂಡು ಕಟ್ಟಿಕೊಂಡಿದ್ದ ಜಪೊರೋಜಿಯದ ಕೊಸಾಕ್ ವೀರರ ಹೆಸರಿನೊಡನೆ ಅದು ಅಂಟಿಕೊಂಡಿದೆ. ಮೊದಲು ಗಂಡಸರ ಕುಣಿತ, ಅದರಲ್ಲಿಯೂ ಪೈಪೋಟಿಯ ಕುಣಿತ: ಒಬ್ಬ ಕುಕ್ಕರಿಸಿ ಕಾಲು ಬೀಸಿದರೆ ಮತ್ತೊಬ್ಬ ಅದಕ್ಕೆ ಮೀರಿ ನೆಗೆಯಬೇಕು. ಮುಂದಿನ ಹೆಜ್ಜೆ ಯಾವುದೆಂದು ಕುಣಿಯುವವನಿಗೂ ಮೊದಲೇ ತಿಳಿದಿರುವುದಿಲ್ಲ. ಸಾಮ್ರಾಜ್ಞಿ ಕ್ಯಾಥರೀನಳ ಸೈನ್ಯ 1775ರಲ್ಲಿ ಆ ಕೊಸಾಕರ ಕೋಟೆಯನ್ನು ನೆಲಸಮ ಮಾಡಿತು. ಕುಣಿತ ಮಾತ್ರ ಹಳ್ಳಿಗಳಲ್ಲಿ ಉಳಿಯಿತು.

ಕನ್ನಡ ಮೇಷ್ಟ್ರಾದ ನನಗೆ ಈ ಕುಣಿತದ ಹೆಜ್ಜೆಗಳಿಗಿಂತ ಹೆಜ್ಜೆಗಳ ಹೆಸರುಗಳೇ ಹೆಚ್ಚು ರುಚಿಸಿದುವೆಂದು ಒಪ್ಪಿಕೊಳ್ಳಬೇಕು. ಒಂದು ಹೆಜ್ಜೆಗೆ ‘ದೊರಿಜ್ಕಾ’ ಎಂದು ಹೆಸರು, ಎಂದರೆ ಕಾಲುದಾರಿ. ಇನ್ನೊಂದು ‘ತಿನೋಕ್’, ಕಡ್ಡಿ ಹೆಣೆದ ಬೇಲಿ. ಮತ್ತೊಂದು ‘ಬಿಹುನೆತ್ಸ್’, ಓಡುವವನು. ಗಾಳಿಯಲ್ಲಿ ಹಿಮ್ಮಡಿಗೆ ಹಿಮ್ಮಡಿ ಬಡಿಯುವ ನೆಗೆತವೊಂದಕ್ಕೆ ಪಾರಿವಾಳದ ಹೆಸರು. ಹೊಲ, ದಾರಿ, ಬೇಲಿ, ಹಕ್ಕಿ—ಇಡೀ ಹಳ್ಳಿಯೇ ಆ ಪರಿಭಾಷೆಯಲ್ಲಿ ಕುಳಿತಿದೆ. ಅರಮನೆಯ ಫ್ರೆಂಚ್ ಶಬ್ದಗಳ ಪಕ್ಕದಲ್ಲಿ ಇವನ್ನಿಟ್ಟು ನೋಡಿದರೆ, ಯಾವುದು ಎಲ್ಲಿಂದ ಬಂದಿತೆಂದು ವಿವರಿಸಬೇಕಾಗಿಯೇ ಇಲ್ಲ.

ಈ ಹೆಸರುಗಳು ನಮಗೆ ದೊರೆತದ್ದು ಒಬ್ಬ ಮನುಷ್ಯನ ದೆಸೆಯಿಂದ. ಅವನೂ ನನ್ನಂತೆ ಪಾಠ ಹೇಳುವ ವೃತ್ತಿಯವನು. ಹುಟ್ಟಿದ್ದು 1880ರಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಒಂದು ಹಳ್ಳಿಯಲ್ಲಿ; ಹೆಸರು ವಸೀಲ್ ಕೊಸ್ತಿವ್. ಗುಡ್ಡಗಾಡಿನವನು ಎಂಬರ್ಥದ ‘ವೆರ್ಖೊವಿನೆತ್ಸ್’ ಎಂಬ ಅಂಕಿತವನ್ನಿಟ್ಟುಕೊಂಡು ನಾಟಕ ಮಂಡಲಿಯಲ್ಲಿ ನಟನಾದ, ಗಾಯಕವೃಂದವನ್ನು ನಡೆಸಿದ. ಮಂಡಲಿ ಊರೂರು ತಿರುಗುವಾಗ ಉಳಿದ ನಟರು ವಿಶ್ರಮಿಸಿಕೊಳ್ಳುವ ಹೊತ್ತಿನಲ್ಲಿ ಈತ ಹಳ್ಳಿಯ ಮದುವೆಗಳಿಗೆ ಹೋಗಿ, ಕುಣಿಯುವವರ ಕಾಲನ್ನು ನೋಡುತ್ತ ಕೂರುತ್ತಿದ್ದ. ಯಾವ ಹೆಜ್ಜೆ, ಯಾವ ತಾಳ, ಆ ಊರಿನವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನೆಲ್ಲ ಬರೆದುಕೊಂಡ. ಹಾಗೆ ಬರೆದುಕೊಂಡದ್ದೇ 1919ರಲ್ಲಿ ‘ಉಕ್ರೇನಿನ ಜಾನಪದ ನೃತ್ಯದ ಸಿದ್ಧಾಂತ’ ಎಂಬ ಪುಸ್ತಕವಾಯಿತು. ಪ್ರತಿ ಹಳ್ಳಿಯಲ್ಲಿಯೂ ಕುಣಿಯುತ್ತಿದ್ದ, ಆದರೆ ಯಾರೂ ಓದಿರದ ಭಾಷೆಗೆ ಮೊದಲ ವ್ಯಾಕರಣ ಬರೆದಂತಾಯಿತು ಇದು.

ಬ್ಯಾಲೆಯೂ ಹಳ್ಳಿಯ ಹೆಜ್ಜೆಯೂ ಮೊದಲು ಕೈಹಿಡಿದದ್ದು ಈ ಮೇಷ್ಟ್ರ ಸಮ್ಮುಖದಲ್ಲಿಯೇ. ಉಕ್ರೇನಿನ ಮೊದಲ ರಾಷ್ಟ್ರೀಯ ಬ್ಯಾಲೆಯೆಂದು ಹೆಸರಾದ ‘ಪಾನ್ ಕನ್ಯೋವ್ಸ್ಕಿ’ 1931ರಲ್ಲಿ ಖಾರ್ಕಿವ್ ನಗರದಲ್ಲಿ ರಂಗವೇರಿದಾಗ ಜಾನಪದ ಹೆಜ್ಜೆಗಳನ್ನು ತಿದ್ದಿ ಹೇಳಲು ಬಂದವನು ಈತನೇ. 1935ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಜಾನಪದ ನೃತ್ಯೋತ್ಸವ ನಡೆಯಿತು. ಅಲ್ಲಿಗೆ ಹೊರಟ ಉಕ್ರೇನಿನ ತಂಡಕ್ಕಾಗಿ ವೆರ್ಖೊವಿನೆತ್ಸನೂ ಲಿಯೊನಿದ್ ಜೂಕೊವ್ ಎಂಬ ಬ್ಯಾಲೆ ನರ್ತಕನೂ ಸೇರಿ ‘ಮೂರಂತಸ್ತಿನ ಹೊಪಾಕ್’ ಒಂದನ್ನು ಹೊಸೆದರು. ಕಟ್ಟಡಕ್ಕೆ ಅಂತಸ್ತಿರುವುದುಂಟು, ಕುಣಿತಕ್ಕೆಲ್ಲಿಯದು? ಕೆಳಗೆ ಕೆಲವರು ಕುಕ್ಕರಿಸಿ ಕಾಲು ಬೀಸುತ್ತಾರೆ. ನಡುವೆ ಕೆಲವರು ನಿಂತು ಸುತ್ತುತ್ತಾರೆ. ಅವರೆಲ್ಲರ ತಲೆಗೂ ಮೇಲೆ ಕೆಲವರು ನೆಗೆಯುತ್ತಾರೆ. ಮೂರೂ ಒಂದೇ ಗಳಿಗೆಯಲ್ಲಿ. ಹಳ್ಳಿಯಲ್ಲಿ ಒಬ್ಬನ ಅನಂತರ ಒಬ್ಬ ಮಾಡುತ್ತಿದ್ದುದನ್ನು ರಂಗದ ಮೇಲೆ ಒಂದರ ಮೇಲೊಂದು ಜೋಡಿಸಿದ್ದು, ನೋಡಿ! ಲಂಡನ್ನಿನವರು ಮೆಚ್ಚಿದರು.

ಎರಡು ವರ್ಷಗಳ ಅನಂತರ, 1937ರಲ್ಲಿ, ಪಾವ್ಲೊ ವಿರ್ಸ್ಕಿಯೂ ಅವನ ಗೆಳೆಯ ಮಿಕೋಲಾ ಬೊಲೊತೊವನೂ ಕೂಡಿ ಕೀವ್ ನಗರದಲ್ಲಿ ಉಕ್ರೇನಿನ ಸರ್ಕಾರಿ ಜಾನಪದ ನೃತ್ಯಮೇಳವನ್ನು ಸ್ಥಾಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ವೆರ್ಖೊವಿನೆತ್ಸನ ಬಂಧನವಾಯಿತು. 1938ರ ಏಪ್ರಿಲಿನಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ರಾಷ್ಟ್ರೀಯತಾವಾದಿ ಎಂಬ ಹಣೆಪಟ್ಟಿಯೊಂದೇ ಆ ವರ್ಷಗಳಲ್ಲಿ ಸಾಕಾಗಿತ್ತು. ಹೆಜ್ಜೆಗಳಿಗೆ ರಂಗ ಸಿಕ್ಕಿತು. ಹೆಜ್ಜೆಗಳನ್ನು ಬರೆದಿಟ್ಟವನಿಗೆ ಗುಂಡು ಸಿಕ್ಕಿತು.

ಈ ಸಂಗತಿಯನ್ನು ತಿಳಿದ ಮೇಲೆ ಆ ನೃತ್ಯವನ್ನು ಮೊದಲಿನ ಕಣ್ಣಿನಿಂದ ನೋಡಲು ನನಗೆ ಸಾಧ್ಯವಾಗಲಿಲ್ಲ. ಮೇಳ ಹುಟ್ಟಿದ ಕಾಲವನ್ನು ಲೆಕ್ಕ ಹಾಕಿ. 1932 ಮತ್ತು 1933ರಲ್ಲಿ ಸ್ಟಾಲಿನನ ಸರ್ಕಾರ ಹಳ್ಳಿಗರ ಕಣಜವನ್ನು ಬರಿದುಮಾಡಿ ತಂದೊಡ್ಡಿದ ಕ್ಷಾಮದಲ್ಲಿ ಉಕ್ರೇನಿನಲ್ಲಿ ಸತ್ತವರು 35ರಿಂದ 50 ಲಕ್ಷ ಮಂದಿಯೆಂದು ವಿದ್ವಾಂಸರು ಎಣಿಸುತ್ತಾರೆ. ಮದುವೆಗಳಲ್ಲಿ ಹೊಪಾಕ್ ಕುಣಿಯುತ್ತಿದ್ದ ಹಳ್ಳಿಗಳು ಅವೇ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಕಸೂತಿಯ ಅಂಗಿ ತೊಟ್ಟು, ಹೂವಿನ ಕಿರೀಟ ಮುಡಿದು, ನಗುನಗುತ್ತ ಕುಣಿಯುವ ರೈತಾಪಿ ಜನರನ್ನು ಸರ್ಕಾರ ರಂಗದ ಮೇಲೆ ನಿಲ್ಲಿಸಿತು. ಆ ನಗೆಯ ಹಿಂದೆ ಏನನ್ನು ಮುಚ್ಚಿಡಲಾಗಿತ್ತು ಎಂದು ಕೇಳುವವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಹಾಗೆಂದು, ಕುಣಿದವರೆಲ್ಲ ಸುಳ್ಳು ಕುಣಿದರೆನ್ನುವುದೂ ನ್ಯಾಯವಲ್ಲ. ಪ್ರತ್ಯೇಕ ಭಾಷೆ, ಪ್ರತ್ಯೇಕ ಚರಿತ್ರೆ ಎಂದು ಬಾಯಿಬಿಟ್ಟು ಹೇಳಿದರೆ ಸೆರೆಮನೆ ಕಾದಿದ್ದ ಕಾಲದಲ್ಲಿ, ಕಾಲಿನಿಂದ ಅದನ್ನು ಹೇಳಲು ಒಂದು ಜಾಗ ಉಳಿದಿತ್ತು.

ಇನ್ನು ವಿರ್ಸ್ಕಿಯ ಕೈಚಳಕ. ಯುದ್ಧಕಾಲದಲ್ಲಿಯೂ ಅದರ ಅನಂತರವೂ ಕೆಂಪು ಸೇನೆಯ ಗೀತನೃತ್ಯ ಮೇಳದ ನರ್ತಕರನ್ನು ತಯಾರು ಮಾಡಿ, 1955ರಲ್ಲಿ ಈತ ಕೀವ್ ನಗರದ ತನ್ನ ಹಳೆಯ ಮೇಳಕ್ಕೆ ಮರಳಿದ. ಅಲ್ಲಿಂದ 1975ರಲ್ಲಿ ಕಣ್ಣು ಮುಚ್ಚುವವರೆಗಿನ 20 ವರ್ಷಗಳು ಅವನ ಸುಗ್ಗಿಯ ಕಾಲ. ಅವನ ಪದ್ಧತಿ ಸರಳ, ಕಠೋರ. ಹಳ್ಳಿಯ ಹೆಜ್ಜೆ ಹಾಕುವ ನರ್ತಕನೂ ಮೊದಲು ಗೋಡೆಯ ಕಂಬಿ ಹಿಡಿದು ಬ್ಯಾಲೆಯ ಅಭ್ಯಾಸ ಮಾಡಬೇಕು. ಬೆನ್ನು ನೆಟ್ಟಗಾಗಬೇಕು, ತೊಡೆ ಹೊರತಿರುಗಬೇಕು, ಬೂಟಿನೊಳಗಿನ ಪಾದದ ತುದಿಯೂ ಚೂಪಾಗಿ ಚಾಚಬೇಕು. ಹಳ್ಳಿಯ ಯುವಕ ಹುಮ್ಮಸ್ಸಿನಿಂದ ಒಂದು ಸಲ ಮೇಲಕ್ಕೆ ನೆಗೆದರೆ ಸಾಕು. ರಂಗದ ಮೇಲಿನವನು ಅದೇ ನೆಗೆತವನ್ನು ಪ್ರತಿರಾತ್ರಿಯೂ ಅದೇ ಎತ್ತರಕ್ಕೆ ನೆಗೆದು, ಸದ್ದಿಲ್ಲದೆ ಇಳಿದು, ಕೂಡಲೇ ಕುಕ್ಕರಿಸಬೇಕು. ಬ್ಯಾಲೆಯ ಶಿಸ್ತಿಲ್ಲದೆ ಇದು ಆಗದ ಮಾತು. ಮೊಣಕಾಲು ಒಂದೇ ವರ್ಷದಲ್ಲಿ ಮುಷ್ಕರ ಹೂಡೀತು. (ತಾಯಿಯವರ ಎಣ್ಣೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.)

ಎರಡನೆಯ ಬದಲಾವಣೆ ಇನ್ನೂ ಆಳವಾದದ್ದು. ಹಳ್ಳಿಯ ಕುಣಿತ ವೃತ್ತಾಕಾರ. ಕುಣಿಯುವವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ, ಸುತ್ತ ನಿಂತವನು ಯಾವಾಗ ಬೇಕಾದರೂ ಒಳಕ್ಕೆ ಧುಮುಕಬಹುದು. ರಂಗಕ್ಕಾದರೋ ಒಂದೇ ಮುಖ. ವಿರ್ಸ್ಕಿ ಆ ವೃತ್ತವನ್ನು ಬಿಡಿಸಿ, ಪ್ರೇಕ್ಷಕರ ಕಡೆಗೆ ಬಾಗಿಲು ತೆರೆದಂತೆ ತಿರುಗಿಸಿದ. ಸಾಲು, ಕರ್ಣರೇಖೆ, ಅರ್ಧಚಂದ್ರ, ಎರಡು ಸುತ್ತುಗಳೊಳಗೆ ಒಂದು ಸುತ್ತು ಎಂದು ರೇಖಾಗಣಿತವನ್ನು ತಂದ. ‘ಜಪೊರೋಷ್ತ್ಸಿ’ ಎಂಬ ಅವನ ಕೊಸಾಕ್ ನೃತ್ಯದಲ್ಲಿ ಈಟಿಗಳು ಏಳುವ, ಬೀಳುವ, ಹೆಣೆದುಕೊಳ್ಳುವ ಬಗೆ ನೋಡಿದರೆ ದಂಡಿನ ಕವಾಯತಿಗೂ ಬ್ಯಾಲೆಯ ವೃಂದಕ್ಕೂ ಬೀಗತನ ಮಾಡಿಸಿದಂತೆ ತೋರುತ್ತದೆ.

ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು ‘ರುಕೊದಿಲ್ನಿತ್ಸಿ’ ಎಂಬ ಹೆಂಗಸರ ನೃತ್ಯಕ್ಕೆ. ಕೈಕೆಲಸದವರು, ಕಸೂತಿ ಹಾಕುವವರು ಎಂದು ಇದರ ಅರ್ಥ. ಹುಡುಗಿಯರು ನೂಲಿನೆಳೆಗಳಂತೆ ಬಣ್ಣದ ಪಟ್ಟಿಗಳನ್ನು ಹಿಡಿದು ರಂಗವನ್ನೇ ಕಸೂತಿಯ ಬಟ್ಟೆಯನ್ನಾಗಿ ಮಾಡುತ್ತಾರೆ. ಎಳೆಗಳು ದಾಟುತ್ತವೆ, ಹೆಣೆದುಕೊಳ್ಳುತ್ತವೆ, ಬಿಚ್ಚಿಕೊಳ್ಳುತ್ತವೆ. ಅವರ ಓಟ ಹಳ್ಳಿಯ ಹೆಜ್ಜೆಯದೇ, ಆದರೆ ಹಿಮ್ಮಡಿ ನೆಲ ಮುಟ್ಟುವುದೋ ಇಲ್ಲವೋ ಎಂಬಷ್ಟು ಹಗುರ. ನೀರಿನ ಮೇಲೆ ತೇಲಿದಂತೆ ಸರಿಯುತ್ತಾರೆ. ಇಲ್ಲಿ ಬ್ಯಾಲೆ ಇದೆಯೆಂದು ಕಾಣಿಸುವುದೇ ಇಲ್ಲ. ಹಾಲಿನಲ್ಲಿ ಸಕ್ಕರೆ ಕರಗಿದ ಮೇಲೆ ಅದನ್ನು ಬೆರಳಿಟ್ಟು ತೋರಿಸಲಾದೀತೆ? ‘ಪೊವ್ಜುನೆತ್ಸ್’ ಕೂಡ ಇದೇ ಜಾತಿಯದು. ಕುಕ್ಕರುಗಾಲು ಹೊಪಾಕಿನಲ್ಲಿ ಒಂದು ವರಸೆ ಮಾತ್ರ. ವಿರ್ಸ್ಕಿ ಆ ಒಂದನ್ನೇ ತೆಗೆದುಕೊಂಡು ಅದರಿಂದ ಇಡೀ ಹಾಸ್ಯಪ್ರಬಂಧವನ್ನು ಬರೆದ. ಒಂದು ಗಾದೆಯ ಮಾತಿನಿಂದ ನಾಟಕ ಕಟ್ಟಿದ ಹಾಗೆ.

ಅವನ ದೊಡ್ಡ ‘ಹೊಪಾಕ್’ ವಿಷಯದಲ್ಲಿ ಮಾತ್ರ ನನಗೆ ಸಂಪೂರ್ಣ ಸಮಾಧಾನವಿಲ್ಲ. ಜಗತ್ತೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದ ನೃತ್ಯದ ಮೇಲೆ ಒಬ್ಬ ಮೇಷ್ಟ್ರು ಕೊಂಕು ತೆಗೆಯುವುದು ಉದ್ಧಟತನವಾದೀತು, ಆದರೂ ಹೇಳುತ್ತೇನೆ. ಹುಡುಗಿಯರು ಬುಗುರಿಗಳಂತೆ ಸುತ್ತುತ್ತಾರೆ. ಗಂಡಸರು ಗಾಳಿಯಲ್ಲಿ ಎರಡೂ ಕಾಲುಗಳನ್ನು ಕತ್ತರಿಯಂತೆ ಅಗಲಿಸಿ ಬೂಟಿನ ತುದಿ ಮುಟ್ಟುತ್ತಾರೆ. ರಂಗದ ಅಂಚಿನಲ್ಲಿ ಒಬ್ಬ ನೆಗೆನೆಗೆಯುತ್ತಲೇ ಪ್ರದಕ್ಷಿಣೆ ಬರುತ್ತಾನೆ. ಉಸಿರು ಕಟ್ಟುತ್ತದೆ, ನಿಜ. ಆದರೆ ಒಬ್ಬನ ಮೋಡಿ ಇನ್ನೊಬ್ಬನಿಂದ ಬೇರೆಯಾಗಿರುವುದೇ ಹೊಪಾಕಿನ ಪ್ರಾಣವಾಗಿತ್ತು. ಇಲ್ಲಿ ಎಲ್ಲರ ಕಾಲೂ ಒಂದೇ ಕೋನದಲ್ಲಿ ಏಳುತ್ತದೆ. ಮುಂದಿನ ಹೆಜ್ಜೆ ಯಾವುದೆಂದು ಕುಣಿಯುವವನಿಗೂ ತಿಳಿಯದಿದ್ದ ಕಾಲದ ಬೆರಗು, ಮುಂದಿನ ಹೆಜ್ಜೆ ಎಲ್ಲರಿಗೂ ಗೊತ್ತಿರುವ ಈ ರಂಗದಲ್ಲಿ ಉಳಿಯುವುದು ಹೇಗೆ? “ಆದರೆ ಬಿಟ್ಟಿದ್ದರೆ ಅದು ಪೂರ್ತಿಯಾಗಿ ಹೋಗಿಯೇ ಬಿಡುತ್ತಿತ್ತಲ್ಲ?” ಎಂದು ನನ್ನ ಶ್ರೀಮತಿ ಕೇಳಿದಳು. ಅದೂ ಸರಿಯೇ. ಕ್ಷಾಮ ಬಡಿದ ಹಳ್ಳಿಗೆ ಹೋಗಿ ಕುಣಿತ ಹೇಗಿತ್ತೆಂದು ಕೇಳಿದರೆ ಹೇಳುವವರಾದರೂ ಎಷ್ಟು ಮಂದಿ ಉಳಿದಿದ್ದರು?

ಇದಕ್ಕೆ ಪ್ರತಿಯಾಗಿ, ಬ್ಯಾಲೆಯೇ ಹಳ್ಳಿಯ ಕಡೆಗೆ ನಡೆದು ಬಂದದ್ದೂ ಉಂಟು. ಕವಯಿತ್ರಿ ಲೆಸ್ಯಾ ಉಕ್ರಾಯಿಂಕಾ 1911ರಲ್ಲಿ ಬರೆದ ‘ಅಡವಿಯ ಹಾಡು’ ಎಂಬ ನಾಟಕದಲ್ಲಿ ಮಾವ್ಕಾ ಎಂಬ ವನದೇವತೆ ಕೊಳಲೂದುವ ಹಳ್ಳಿಯ ಹುಡುಗ ಲುಕಾಷನಿಗೆ ಮನಸೋಲುತ್ತಾಳೆ. ಮಿಖಾಯ್ಲೊ ಸ್ಕೊರುಲ್ಸ್ಕಿ ಅದಕ್ಕೆ ಸಂಗೀತ ಕೂಡಿಸಿದ; 1946ರಲ್ಲಿ ಕೀವ್ ನಗರದಲ್ಲಿ ಅದು ಬ್ಯಾಲೆಯಾಗಿ ರಂಗಕ್ಕೆ ಬಂತು. ಕಥೆಯೇ ಎರಡು ನೃತ್ಯಗಳನ್ನು ಬೇಡುವಂಥದು ನೋಡಿ: ಅಡವಿಯ ದೇವತೆಗೆ ಬೆರಳತುದಿಯ ಬ್ಯಾಲೆ, ಹಳ್ಳಿಯವರಿಗೆ ನೆಲದ ಹೆಜ್ಜೆ. ಅವೆರಡೂ ಕೂಡಲಾರದೆ ಹೋದದ್ದೇ ಆ ಪ್ರೇಮದ ದುರಂತ.

ವೆರ್ಖೊವಿನೆತ್ಸನ ಪಾಠ ಕೇಳಿದ್ದ ವಸೀಲ್ ಅವ್ರಮೆಂಕೊ ಎಂಬಾತ 1925ರಲ್ಲಿ ಕೆನಡಾಕ್ಕೆ ಹೋಗಿ, ವಲಸೆ ಬಂದ ಉಕ್ರೇನಿಯನ್ನರ ಮಕ್ಕಳಿಗೆ ಊರೂರಿನಲ್ಲಿ ಕುಣಿತ ಕಲಿಸಿದ. ಅದು ಬೇರೆಯೇ ಒಂದು ಕಥೆ, ಇನ್ನೊಂದು ವಾರಕ್ಕಿರಲಿ. ತಾಯ್ನಾಡಿನಲ್ಲಿ ವೆರ್ಖೊವಿನೆತ್ಸನ ಮೇಲಿನ ಆರೋಪ ಸುಳ್ಳೆಂದು ಸರ್ಕಾರ ಒಪ್ಪಿಕೊಂಡದ್ದು 1958ರಲ್ಲಿ, ಅವನು ಸತ್ತು 20 ವರ್ಷಗಳಾದ ಮೇಲೆ. 1963ರಲ್ಲಿ ಅವನ ಪುಸ್ತಕ ಮತ್ತೆ ಅಚ್ಚಾಯಿತು. ಅಷ್ಟು ಹೊತ್ತಿಗೆ ಅವನು ಬರೆದಿಟ್ಟ ಹೆಜ್ಜೆಗಳು ವಿರ್ಸ್ಕಿಯ ಮೇಳದೊಡನೆ ಹೊರದೇಶಗಳನ್ನು ಸುತ್ತುತ್ತಿದ್ದುವು.

ಮೇಳಕ್ಕೆ 1977ರಲ್ಲಿ ವಿರ್ಸ್ಕಿಯ ಹೆಸರನ್ನೇ ಇಟ್ಟರು. ಆ ಹೆಸರಿನಿಂದಲೇ ಲೋಕ ಅದನ್ನು ಬಲ್ಲದು.

ಈಚಿನ ಒಂದು ಮಾತು ಹೇಳದೆ ಈ ಬರಹ ಮುಗಿಯದು. 2022ರ ಫೆಬ್ರವರಿ 24ರಂದು ರಷ್ಯದ ಸೇನೆ ಉಕ್ರೇನಿನ ಮೇಲೆ ದಂಡೆತ್ತಿ ಬಂದಾಗ, ಕೀವ್ ನಗರದಲ್ಲಿ ಬೆಳೆದ ಪ್ರಖ್ಯಾತ ನೃತ್ಯಸಂಯೋಜಕ ಅಲೆಕ್ಸೈ ರತ್ಮಾನ್ಸ್ಕಿ ಮಾಸ್ಕೋದ ಬೊಲ್ಷೋಯ್ ಮಂದಿರದಲ್ಲಿ ಹೊಸ ಬ್ಯಾಲೆಯೊಂದರ ತಾಲೀಮು ನಡೆಸುತ್ತಿದ್ದ. ಕೆಲಸವನ್ನು ಅರ್ಧಕ್ಕೆ ಬಿಟ್ಟು ಅವನು ಆ ದೇಶದಿಂದ ಹೊರಟುಬಂದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಅವನ ‘ಯುದ್ಧಕಾಲದ ಶೋಕಗೀತೆ’ ರಂಗಕ್ಕೆ ಬಂತು. ಅದರ ಒಂದು ಪಾಲಿಗೆ ಕೀವ್ ನಗರದ ವೃದ್ಧ ಸಂಗೀತಕಾರ ವಲೆಂತಿನ್ ಸಿಲ್ವೆಸ್ತ್ರೊವನ ಮೆಲುದನಿಯ ಸಂಗೀತ. ಇನ್ನೊಂದು ಪಾಲಿಗೆ ಉಕ್ರೇನಿನ ಹಳ್ಳಿಯ ವಾದ್ಯಗಾರರದು. ಶೋಕದ ನಡುವೆ ಇದ್ದಕ್ಕಿದ್ದಂತೆ ಹಳ್ಳಿಯ ಕುಣಿತ ನುಗ್ಗುತ್ತದೆ. ಬ್ಯಾಲೆಯ ಪಾದಗಳು ನೆಲ ಬಡಿಯುತ್ತವೆ, ನರ್ತಕರು ಒಬ್ಬರನ್ನೊಬ್ಬರು ಕೆಣಕುತ್ತಾರೆ. ಆಮೇಲೆ ಮತ್ತೆ ಮೌನ.

ಆ ಸೆಪ್ಟೆಂಬರ್ ತಿಂಗಳಲ್ಲಿಯೇ ಕೀವ್ ನಗರದ ರಾಷ್ಟ್ರೀಯ ಸಂಗೀತನಾಟಕ ಮಂದಿರದ ಹಿರಿಯ ನರ್ತಕ ಒಲೆಕ್ಸಾಂದ್ರ್ ಶಪೊವಾಲ್, ತಾನಾಗಿ ಸೈನ್ಯಕ್ಕೆ ಸೇರಿದವನು, ದೊನೆತ್ಸ್ಕ್ ಪ್ರಾಂತದ ರಣರಂಗದಲ್ಲಿ ಮಡಿದ. ಅವನಿಗೆ 48 ವರ್ಷ.

ಇದನ್ನು ನಾನು ಓದಿ ಹೇಳಿದಾಗ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಅನಂತರ ತಾಯಿಯವರು, “ಆ ಕಸೂತಿಯ ಹುಡುಗಿಯರದನ್ನು ಇನ್ನೊಮ್ಮೆ ಹಾಕು, ಮಗೂ” ಎಂದರು. ಮಗಳು ಹಾಕಿದಳು.